ಎಷ್ಟು ಬುಟ್ಟವ್ರಂತೆ?

ಆಗಸ್ಟ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಕೋಟೆಯೊಳಗೆ ಹಾಲಿನ ಅಂಗಡಿ ಮುಂದೆ ಕಿವಿಗೆ ಬೀಳುವ ಮೊದಲ ಮಾತು ಇದು. ಕೆಆರ್‌ಎಸ್ ಅಣೆಕಟ್ಟಿನಿಂದ ಕಾವೇರಿಗೆ ಎಷ್ಟು ಕ್ಯೂಸೆಕ್ ನೀರು ಬಿಟ್ಟಿದ್ದಾರೆ ಎಂಬ ವಿಚಾರಣೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು. ಇಲ್ಲಿ ಯಾರೂ ಲೀಟರಿನ ಲೆಕ್ಕ ಹಾಕುವುದಿಲ್ಲ, ಹೊಳೆಗಿಳಿಯುವ ಮೆಟ್ಟಿಲಿನ ಲೆಕ್ಕ ಹಾಕುತ್ತಾರೆ.

"ಹತ್ತು ಸಾವ್ರ ಅಂದ್ರೆ ಬಂಡೆ ಕಾಣ್ತವೆ ಕಣವ್ವ. ಐವತ್ತು ಅಂದ್ರೆ ಕೆಳಗಿನ ಮೆಟ್ಲು ಹೋಯ್ತು. ಲಕ್ಷ ದಾಟ್ತು ಅಂದ್ರೆ ಸೇತ್ವೆ ಬಂದ್, ಐಕ್ಳನ್ನ ಹೊಳೆ ಕಡೆ ಬುಡಂಗಿಲ್ಲ" ಎಂದರು ಪಕ್ಕದ ಮನೆಯ ಅಜ್ಜಿ, ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ.

"ರಾತ್ರಿ ಹೊತ್ತು ಹೆಂಗೆ ಗೊತ್ತಾಗುತ್ತೆ ಅಜ್ಜಿ?"

"ಸದ್ದು. ನೀರು ಕಮ್ಮಿ ಇದ್ದಾಗ ಬಂಡೆಗೆ ಬಡ್ಕಂಡು ಗಲಾಟೆ ಮಾಡ್ತದೆ. ಬಂಡೆ ಮುಳುಗ್ತು ಅಂದ್ರೆ ಗಲಾಟೆ ನಿಂತು ಗುಂಯ್ ಅಂತದೆ. ಆ ಗುಂಯ್ ಕೇಳಿದ್ರೆ ಹೊಳೆ ಬಂತು ಅಂತ."

ಅವರು ಹೇಳಿದ ಸೇತುವೆ ವೆಲ್ಲೆಸ್ಲಿ ಸೇತುವೆ. 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ್ದು. ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನದೇ ತೊಲೆ. ಬೆಳಗ್ಗೆ ಆರಕ್ಕೆ ಅಲ್ಲಿ ನಿಂತರೆ ಊರಿನ ಬೇರೆ ಯಾವ ನೋಟವೂ ಬೇಡವೆನಿಸುತ್ತದೆ. ಹೊಳೆಯ ಕವಲುಗಳು ಕೂಡುವ ಸಂಗಮವನ್ನು ಭಾನುವಾರದ ಗದ್ದಲಕ್ಕೆ ಬಿಟ್ಟುಬಿಡುವುದು ಒಳ್ಳೆಯದು.

ಕೋಟೆಯೊಳಗೆ ಎತ್ತರದ ಅಪಾರ್ಟ್‌ಮೆಂಟು ಹುಡುಕಬೇಡಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರಿಗೆ ಅನುಮತಿ ಬೇಕು. ಹಾಗಾಗಿ ಬಾಡಿಗೆಗೆ ಸಿಗುವುದು ಹೆಚ್ಚಾಗಿ ನೆಲಮಟ್ಟದ ಹಳೆ ಮನೆ: ಒಂದು ಹಾಲು, ಒಂದು ರೂಮು, ಅಡುಗೆಮನೆ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು. ಮೂರು ದಿನಕ್ಕೆ ಹಿಡಿದ ಮನೆಯೂ ಅಂಥದ್ದೇ, ಹೊಳೆಗೆ ಬೀದಿಯೊಂದೇ ಅಡ್ಡ.

ಮುಂಗಡ ಕೊಡುವ ಮೊದಲು ಗೋಡೆಯ ಬುಡ ನೋಡಬೇಕಿತ್ತು, ನೋಡಲಿಲ್ಲ. ಗೋಡೆಬೀರುವಿನ ಕೆಳಗಿನ ಖಾನೆಯಲ್ಲಿಟ್ಟ ರೇಷ್ಮೆ ಸೀರೆಗೆ ಎರಡೇ ರಾತ್ರಿಗೆ ಬೂಷ್ಟು ಹಿಡಿಯಿತು. ಹಳೆ ಗೋಡೆಯ ತಳದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ನೀರು ಇಟ್ಟಿಗೆಯೊಳಗೆ ಮೇಲೇರಿ, ಎರಡು ಮೂರು ಅಡಿ ಎತ್ತರದಲ್ಲಿ ಆರಿ, ಉಪ್ಪನ್ನು ಅಲ್ಲೇ ಬಿಡುತ್ತದೆ. ಬಿಳಿ ಹಿಟ್ಟಿನಂಥ ಆ ಪಟ್ಟಿಯನ್ನು ಉಗುರಿನಿಂದ ಗೀರಿದರೆ ಗಾರೆ ಉದುರುತ್ತದೆ. ಅದನ್ನು ಮುಚ್ಚಲು ಆಯಿಲ್ ಪೇಂಟ್ ಹೊಡೆದಿದ್ದರಂತೂ ಇನ್ನೂ ಕೇಡು. ಮುಂದೆ ಆರಲು ದಾರಿಯಿಲ್ಲದೆ ತೇವ ಪೇಂಟಿನ ಪಟ್ಟಿ ದಾಟಿ ಮೇಲಕ್ಕೇರುತ್ತದೆ. ಸುಣ್ಣ ಬಳಿದ ಗೋಡೆ ಉಸಿರಾಡುತ್ತದೆ, ಅಂಥ ಮನೆಯನ್ನೇ ಹಿಡಿಯಿರಿ. ಮಂಚ ಗೋಡೆಯಿಂದ ನಾಲ್ಕು ಬೆರಳು ದೂರವಿರಲಿ, ಹಾಸಿಗೆ ನೆಲದ ಮೇಲೆ ಬೇಡ, ಬಟ್ಟೆ ಹಗ್ಗದ ಮೇಲೇ ಇರಲಿ. ಹಿತ್ತಿಲ ಬಾಗಿಲು, ಬೀದಿ ಬಾಗಿಲು ಎರಡನ್ನೂ ಬಿಸಿಲೇರಿದ ಮೇಲೆ ಒಟ್ಟಿಗೆ ತೆರೆದರೆ ಮನೆ ಆರುತ್ತದೆ.

ರಂಗನಾಥನ ದೇವಸ್ಥಾನ, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್, ಅವನ ಸಮಾಧಿಯಿರುವ ಗುಂಬಜ್, ನಿಮಿಷಾಂಬ ಗುಡಿ ಎಲ್ಲ ಒಂದೇ ದಿನಕ್ಕೆ ಮುಗಿದವು. ರಂಗನಾಥನ ಬಾಗಿಲು ಮಧ್ಯಾಹ್ನ ಮುಚ್ಚಿರುತ್ತದೆ, ಬೆಳಗ್ಗೆಯೇ ಹೋಗಿ.

ಹೊರಡುವ ದಿನ ನೀರು ಇಳಿದಿತ್ತು. ಅಜ್ಜಿ ಜಗಲಿಯಿಂದಲೇ ಕೂಗಿದರು: "ಆರು ಸಾವ್ರಂತೆ ಇವತ್ತು. ಮೂರು ಮೆಟ್ಲು ಇಳ್ದು ಕಾಲು ತೊಳ್ಕಂಡು ಹೋಗಿ. ನಾಲ್ಕನೇದ್ರಲ್ಲಿ ಪಾಚಿ ಅದೆ."