ಕಾಲೂರಿದರೆ ಒಂದು: ಟ್ರಯಲ್ಸ್ ಅಬ್ಸರ್ವರ್ ಲಾಗ್, ಮೂರನೇ ತಿಂಗಳು

ಹೊಸದಾಗಿ ಓದುವವರಿಗೆ ಒಂದೆರಡು ಮಾತು. ನಾನು ಸಕಲೇಶಪುರದವನು, ಈಗ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿದ್ದೇನೆ. ಇಲ್ಲಿ ಭಾನುವಾರ ನಡೆಯುವ ಮೋಟಾರ್‌ಸೈಕಲ್ ಟ್ರಯಲ್ಸ್‌ನಲ್ಲಿ ಅಂಕ ಹಾಕುವ ಕೆಲಸ ನನ್ನದು. ಸಂಬಳ ಇಲ್ಲ, ಇಷ್ಟಪಟ್ಟು ಮಾಡುವುದು.

ಟ್ರಯಲ್ಸ್ ಅಂದರೆ ರೇಸ್ ಅಲ್ಲ. ಬಂಡೆ, ಹಳ್ಳ, ಮರದ ಬೇರು ಇರುವ ತುಂಡು ದಾರಿಗೆ ಸೆಕ್ಷನ್ ಅಂತಾರೆ. ಕಾಲು ನೆಲಕ್ಕೆ ಊರದೆ ಅದನ್ನು ದಾಟಬೇಕು. ಊರದಿದ್ದರೆ ಸೊನ್ನೆ, ಅದೇ ಕ್ಲೀನ್. ಒಂದು ಸಲ ಊರಿದರೆ 1, ಎರಡು ಸಲಕ್ಕೆ 2, ಮೂರು ಅಥವಾ ಜಾಸ್ತಿಯಾದರೆ 3. ಬಿದ್ದರೆ, ಗಡಿ ದಾಟಿದರೆ 5. ನಮ್ಮಲ್ಲಿ ಗಾಡಿ ನಿಂತರೂ 5. ಅಂಕ ಕಡಿಮೆ ಇದ್ದವರು ಗೆದ್ದ ಹಾಗೆ. ಕುಂಟೆಬಿಲ್ಲೆ ಆಡುವಾಗ ‘ಗೆರೆ ತುಳಿದೆ’, ‘ತುಳಿದಿಲ್ಲ’ ಅಂತ ಜಗಳ ಆಡುತ್ತಿದ್ದೆವಲ್ಲ, ಆ ಜಗಳ ಬಿಡಿಸುವವನೇ ಅಬ್ಸರ್ವರ್.

ಸೆಪ್ಟೆಂಬರ್

38 ಸವಾರರು, ನಾಲ್ಕು ಸುತ್ತು. ನನ್ನ ಸೆಕ್ಷನ್‌ನಲ್ಲಿ 152 ಸಲ ಅಂಕ ಹಾಕಬೇಕಾಯಿತು. ಅನುಮಾನ ಬಂದಾಗಲೆಲ್ಲ ನೋಟ್‌ಬುಕ್‌ನಲ್ಲಿ ಪೆನ್ಸಿಲ್ ಚುಕ್ಕೆ ಇಟ್ಟೆ. ಮನೆಗೆ ಬಂದು ಎಣಿಸಿದರೆ 14 ಚುಕ್ಕೆ. ಅದರಲ್ಲಿ 11 ಕಾಲಿನ ವಿಷಯವೇ ಅಲ್ಲ. ಗಾಡಿ ನಿಂತಿತಾ, ಇಲ್ವಾ ಅನ್ನುವುದು.

ಆ 11 ಸಾಲು ಮತ್ತೆ ಓದಿದಾಗ ಮನಸ್ಸಿಗೆ ಕಷ್ಟವಾಯಿತು. ಒಳ್ಳೆಯ ಸವಾರ ಬಂಡೆಯ ಮುಂದೆ ಅರೆಕ್ಷಣ ತಡೆದರೆ ‘ಬ್ಯಾಲೆನ್ಸ್ ಮಾಡುತ್ತಿದ್ದಾನೆ’ ಅಂತ ಬಿಟ್ಟಿದ್ದೇನೆ. ಹೊಸಬ ಅಷ್ಟೇ ಹೊತ್ತು ತಡೆದರೆ 5 ಹಾಕಿದ್ದೇನೆ. ಬೇಕಂತ ಮಾಡಿದ್ದಲ್ಲ. ಆದರೆ ಆ ಹೊಸಬನ ಕಾರ್ಡಿನಲ್ಲಿ 5 ಕೂತಿದೆ, ಅಲ್ವಾ?

ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ 2013ರಲ್ಲಿ ‘ನಿಲ್ಲಬಾರದು’ ಅನ್ನುವ ನಿಯಮ ತಂದಾಗ ಇದೇ ತಕರಾರು ಎದ್ದಿತ್ತು. ಕಾಲು ಊರಿದ್ದು ಕಣ್ಣಿಗೆ ಕಾಣುತ್ತದೆ. ನಿಂತದ್ದಕ್ಕೂ ತುಂಬಾ ನಿಧಾನವಾಗಿ ಹೋದದ್ದಕ್ಕೂ ಇರುವ ವ್ಯತ್ಯಾಸ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಥರ. 2007ರಿಂದ ವರ್ಷ ಬಿಡದೆ ಗೆಲ್ಲುತ್ತಾ ಬಂದ ಸ್ಪೇನಿನ ಟೋನಿ ಬೌ ಅಂಥವರು ಗಾಡಿಯನ್ನು ಕಂಬದ ಹಾಗೆ ನಿಲ್ಲಿಸಬಲ್ಲರು. ಅಲ್ಲಿ ಅಂಕ ಹಾಕುವವರ ಕಷ್ಟ ಈಗ ನನಗೆ ಅರ್ಥವಾಗುತ್ತದೆ.

ಅಕ್ಟೋಬರ್

ಜಾಗ ಬದಲಿಸಿದೆ. ಹೋದ ಸಲ ಸೆಕ್ಷನ್‌ನ ಕೊನೆಯಲ್ಲಿ, ಗಾಡಿ ಎದುರಿಗೆ ಬರುವ ಕಡೆ ನಿಂತಿದ್ದೆ. ಎದುರಿನಿಂದ ನೋಡಿದರೆ ಚಕ್ರ ಉರುಳುತ್ತಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಈ ಸಲ ಕಷ್ಟದ ಮೆಟ್ಟಿಲಿನ ಪಕ್ಕಕ್ಕೆ ಬಂದೆ. ಬೆಳಿಗ್ಗೆಯೇ ಸೆಕ್ಷನ್ ನಡೆದು ನೋಡಿ, ಆಚೆ ದಡದ ಒಂದು ಬಿಳಿ ಕಲ್ಲು ಗುರುತು ಮಾಡಿಕೊಂಡೆ. ಮುಂದಿನ ಚಕ್ರದ ನಡುಭಾಗ ಆ ಕಲ್ಲಿನ ಮುಂದೆ ಜರುಗುತ್ತಿದ್ದರೆ ಗಾಡಿ ನಡೆಯುತ್ತಿದೆ. ಮುಖ ನೋಡುವುದಿಲ್ಲ, ನಂಬರ್ ಕೂಡ ಕೊನೆಗೇ ನೋಡುವುದು.

ಅನುಮಾನ ಬಂದರೆ ಲಾಭ ಸವಾರನಿಗೆ. ಅದು ಹಳೇ ಮಾತು, ಆದರೆ ಎಲ್ಲರಿಗೂ ಕೊಟ್ಟರೆ ಮಾತ್ರ ಅದು ನ್ಯಾಯ. ಸವಾರ ಸೆಕ್ಷನ್ ಮುಗಿಸಿದ ಕೂಡಲೇ ಕೈ ಎತ್ತಿ ತೋರಿಸುತ್ತೇನೆ. ಮುಷ್ಟಿ ಅಂದರೆ ಸೊನ್ನೆ, ಐದೂ ಬೆರಳು ಅಂದರೆ 5. ತಡ ಮಾಡಿದಷ್ಟೂ ನಾನು ಸುಮ್ನೆ ಯೋಚಿಸಿ ಹಾಕಿದೆ ಅಂತ ಅವರಿಗೆ ಅನಿಸುತ್ತದೆ.

ಚುಕ್ಕೆ 14ರಿಂದ 6ಕ್ಕೆ ಇಳಿಯಿತು. ತುಂಬಾ ಖುಷಿಯಾಯಿತು.

ನವೆಂಬರ್

ಮಳೆ. ಕಾರ್ಡೆಲ್ಲಾ ಒದ್ದೆ. ಸೆಕ್ಷನ್ ನಡುವೆ ಒಂದು ಓಕ್ ಮರ, ಅದರ ಬೇರಿನ ಮೇಲೆ ತಿರುವು. ನಾನು ಕಾಲು ನೋಡಿದೆ, ಚಕ್ರ ನೋಡಿದೆ, ಒಬ್ಬ ಹಿರಿಯರಿಗೆ ಸೊನ್ನೆ ತೋರಿಸಿದೆ. ಅವರು ಗಾಡಿ ತಿರುಗಿಸಿಕೊಂಡು ಬಂದರು. ‘ಭುಜ ಮರಕ್ಕೆ ಒರಗಿತ್ತು, ಒಂದು ಹಾಕಿ’ ಅಂದರು. ಮರಕ್ಕೆ ಒರಗುವುದೂ ಕಾಲೂರಿದ ಲೆಕ್ಕವೇ. ನಿಯಮ ನನಗೆ ಬಾಯಿಪಾಠ. ಆದರೆ ನನ್ನ ಕಣ್ಣು ಸೊಂಟದಿಂದ ಮೇಲೆ ಹೋಗಿರಲೇ ಇಲ್ಲ.

1 ಬರೆದೆ. ಅವರು ನಕ್ಕು ಹೋದರು. ಅವರಿಗಿಂತ ಮುಂಚೆ ಆ ತಿರುವಿನಲ್ಲಿ 20 ಜನ ಹೋಗಿಯಾಗಿತ್ತು. ಎಷ್ಟು ಭುಜ ಆ ಮರಕ್ಕೆ ತಾಗಿತ್ತೋ!

ಉಳಿದ ಸವಾರರಿಗೆ ಮರದ ಬುಡಕ್ಕೇ ಹೋಗಿ ನಿಂತೆ. ಅಲ್ಲಿ ನಿಂತರೆ ಸವಾರನ ಆಚೆ ಬದಿಯ ಕಾಲು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಡಿಸೆಂಬರ್‌ಗೆ ಈ ಸೆಕ್ಷನ್‌ಗೆ ಇಬ್ಬರು ಬೇಕು ಅಂತ ಕೇಳಿದ್ದೇನೆ. ಒಬ್ಬರು ಮರದ ಕಡೆ, ಒಬ್ಬರು ಹಳ್ಳದ ಕಡೆ. ಪಕ್ಕದ ಮನೆಯ ಹುಡುಗಿ ಬರುತ್ತೇನೆ ಅಂದಿದ್ದಾಳೆ. ಶನಿವಾರ ಅವಳಿಗೆ ಸೆಕ್ಷನ್ ತೋರಿಸಬೇಕು.