ಜಿಟಿಒ ಲಾಗ್: 65 ಮೈಲಿಯ ಗುಂಯ್ ಸದ್ದು ಕೊನೆಗೂ ಸಿಕ್ಕಿಬಿತ್ತು

ಸಿಕ್ಕಿಬಿತ್ತು. ಟೈರಿನದಲ್ಲ, ಆ್ಯಕ್ಸಲ್‌ನದಲ್ಲ, ಗೇರ್‌ಬಾಕ್ಸಿನದೂ ಅಲ್ಲ. ಗೇರ್‌ಬಾಕ್ಸಿನಿಂದ ಹಿಂದಿನ ಆ್ಯಕ್ಸಲ್‌ಗೆ ತಿರುಗು ಒಯ್ಯುವ ಉದ್ದ ಕೊಳವೆಯದು, ಹೊಸ ಪ್ರೊಪೆಲ್ಲರ್ ಶಾಫ್ಟಿನದು. ಬ್ಯಾಲೆನ್ಸ್ ಮಾಡಿ, ಸ್ಟಿಕ್ಕರ್ ಅಂಟಿಸಿ, ನುಣ್ಣಗೆ ಕಪ್ಪು ಬಣ್ಣ ಹೊಡೆದು ಕಳಿಸಿದ್ದರಲ್ಲ, ಅದೇ ಶಾಫ್ಟು.

ಹಿಂದಿನದು ಓದದವರಿಗೆ ಎರಡೇ ಮಾತು. ಗಾಡಿ ಅಮೆರಿಕದ ಹಳೇ ಕಾರು, 1968ರ ಪಾಂಟಿಯಾಕ್ ಜಿಟಿಒ, ಹಾರ್ಡ್‌ಟಾಪ್, ವರ್ಡೋರೋ ಗ್ರೀನ್ ಬಣ್ಣ, 400 ಕ್ಯೂಬಿಕ್ ಇಂಚಿನ ವಿ8. ತುಕ್ಕು, ಬಾಡಿ, ಪೇಂಟ್, ಇಂಜಿನ್ ಎಲ್ಲ ಮುಗಿದ ಕಥೆ, ಮತ್ತೆ ಹೇಳಿ ತಲೆ ತಿನ್ನುವುದಿಲ್ಲ. ಮುಂದೆ ಡಿಸ್ಕ್ ಬ್ರೇಕು, ಅಲ್ಯೂಮಿನಿಯಂ ರೇಡಿಯೇಟರು, ಎಲೆಕ್ಟ್ರಾನಿಕ್ ಇಗ್ನಿಷನ್ನು ಹಾಕಿದ್ದೂ ಆಯ್ತು. ಮಾರುವ ಮೊದಲು ಇದೊಂದು ಮಾಡಲೇಬೇಕು ಅಂತ ಹಠ ಹಿಡಿದು, ಮನ್ಸಿ ನಾಲ್ಕು ಗೇರಿನ ಬಾಕ್ಸ್ ಇಳಿಸಿ ಟ್ರೆಮೆಕ್ ಟಿಕೆಎಕ್ಸ್ ಐದು ಗೇರಿನದು ಕೂರಿಸಿದೆ. ಹಿಂದಿನ ಆ್ಯಕ್ಸಲ್ 3.55, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟು 3.55 ಸುತ್ತು. ನಾಲ್ಕನೇ ಗೇರಿನಲ್ಲಿ ಗಂಟೆಗೆ 65 ಮೈಲಿ ಓಡಿದರೆ ಇಂಜಿನ್ 2,970 ಆರ್‌ಪಿಎಂ ಸುತ್ತಬೇಕು. ಐದನೆಯದು 0.68, ಅಂದರೆ ಶಾಫ್ಟಿನ ಒಂದು ಸುತ್ತಿಗೆ ಇಂಜಿನ್ 0.68 ಸುತ್ತು, ಅದೇ ವೇಗಕ್ಕೆ 2,020 ಸಾಕು. ಮೊದಲು ಹೆದ್ದಾರಿಯಲ್ಲಿ ಪಕ್ಕದವರ ಜೊತೆ ಮಾತಾಡಬೇಕೆಂದರೆ ಕಿರುಚಬೇಕಿತ್ತು. ಈಗ ಪಿಸುಗುಟ್ಟಿದರೂ ಕೇಳುತ್ತದೆ.

ಅದೇ ಎಡವಟ್ಟಾಯಿತು ನೋಡಿ. ಇಂಜಿನ್ ಸುಮ್ಮನಾದ ಮೇಲೆ ಉಳಿದ ಸದ್ದೆಲ್ಲ ಕಿವಿಗೆ ಬೀಳತೊಡಗಿತು. ಕೊಳ್ಳಲು ಬಂದ ಗಿರಾಕಿಯನ್ನು ಐ-75 ಹೆದ್ದಾರಿಯಲ್ಲಿ ಒಂದು ರೌಂಡ್ ಕರೆದುಕೊಂಡು ಹೋದೆ. 60 ದಾಟಿತು, ಪಾದದ ಕೆಳಗೆ ಗುಂಯ್ ಶುರು. 65ಕ್ಕೆ ಒಳಗಿನ ಕನ್ನಡಿಯಲ್ಲಿ ಹಿಂದಿನ ಕಾರಿನ ಲೈಟು ಎರಡಿದ್ದದ್ದು ನಾಲ್ಕಾಯಿತು. 75ಕ್ಕೆ ಹೋದರೆ ಮತ್ತೆ ಕಡಿಮೆ. ಗಿರಾಕಿ ಏನೂ ಅನ್ನಲಿಲ್ಲ, ಡ್ಯಾಶ್‌ಬೋರ್ಡ್ ಮೇಲೆ ಅಂಗೈ ಇಟ್ಟು ಹಾಗೇ ಕೂತ. ಆ ಅಂಗೈ ನೋಡಿದಾಗಲೇ ಇವತ್ತು ಚೆಕ್ ಬರೆಯುವುದಿಲ್ಲ ಅಂತ ಗೊತ್ತಾಯ್ತು.

ಮೊದಲ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ. 68ಕ್ಕೆ ಓಡಿಸಿ, ನ್ಯೂಟ್ರಲ್‌ಗೆ ಹಾಕಿ, ಗಾಡಿಯನ್ನು ಹಾಗೇ ಉರುಳಲು ಬಿಡುವುದು. ಇಂಜಿನ್ ಐಡಲ್‌ಗೆ ಇಳಿಯಿತು, ಗುಂಯ್ ಮಾತ್ರ ಇಳಿಯಲಿಲ್ಲ. ಅಂದರೆ ಇಂಜಿನ್, ಕ್ಲಚ್, ಫ್ಲೈವೀಲ್ ಮೂರೂ ಬಚಾವ್. ಬೆಲ್‌ಹೌಸಿಂಗ್ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಚಿಪ್ಪು) ಎಷ್ಟು ನಡು ತಪ್ಪಿದೆ ಅನ್ನುವ ರನ್‌ಔಟನ್ನು ಕೂರಿಸುವಾಗಲೇ ಡಯಲ್ ಹಾಕಿ 0.005 ಇಂಚಿನ ಒಳಗೆ ತಂದಿದ್ದೆ, ಅದರ ಮೇಲೂ ಅನುಮಾನ ಇರಲಿಲ್ಲ.

ಆಮೇಲೆ ಮೊಬೈಲ್ ತೆಗೆದು, ಸದ್ದಿನ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಹಾಕಿ, ಶಾಫ್ಟಿಗಾಗಿ ನೆಲ ಉಬ್ಬಿರುವ ಟನಲ್ ಮೇಲೆ ಟೇಪ್ ಸುತ್ತಿ ಅಂಟಿಸಿದೆ. ಪುಕ್ಕಟೆ ಆ್ಯಪ್, ಆದರೆ ಇಷ್ಟು ಹಣ ಉಳಿಸಿದ ಸಾಮಾನು ನನ್ನ ಗ್ಯಾರೇಜಿನಲ್ಲಿ ಬೇರೆ ಇಲ್ಲ. ಲೆಕ್ಕ ಸುಲಭ. ನನ್ನ ಟೈರು 26 ಇಂಚು ಚಿಲ್ಲರೆ ಎತ್ತರ. 65 ಮೈಲಿಗೆ ಚಕ್ರ ಸೆಕೆಂಡಿಗೆ 14 ಸುತ್ತು. ಶಾಫ್ಟು ಅದರ 3.55 ಪಟ್ಟು, ಅಂದರೆ 49 ಮುಕ್ಕಾಲು ಸುಮಾರು. ಟೈರಿನ ದೋಷವಾದರೆ ಗ್ರಾಫು ಸೆಕೆಂಡಿಗೆ 14 ಹೊಡೆತದ ಹತ್ತಿರ ಏಳಬೇಕು. ಶಾಫ್ಟಿನ ಬ್ಯಾಲೆನ್ಸ್ ತಪ್ಪಿದ್ದರೆ 50ರ ಹತ್ತಿರ. ಎದ್ದದ್ದು ಎಲ್ಲಿ? 99ರಲ್ಲಿ. ಗರಿ ಎತ್ತಿದ ಹಾಗೆ ಒಂದೇ ಒಂದು ಗೆರೆ. ಶಾಫ್ಟಿನ ಒಂದು ಸುತ್ತಿಗೆ ಎರಡು ಹೊಡೆತ ಅಂದರೆ ಶಾಫ್ಟಿನ ಎರಡೂ ತುದಿಯಲ್ಲಿ ಬಾಗಿ ತಿರುಗುವ ಕೀಲು, ಯು-ಜಾಯಿಂಟಿನ ಕೆಲಸ, ಅದರಲ್ಲಿ ವಾದವೇ ಇಲ್ಲ. ಓರೆಯಲ್ಲಿ ಸುತ್ತುವ ಯು-ಜಾಯಿಂಟು ಪ್ರತಿ ಸುತ್ತಿಗೂ ಎರಡು ಸಲ ಓಡುತ್ತದೆ, ಎರಡು ಸಲ ತಡೆಯುತ್ತದೆ. ಮುಂದಿನದು ಮಾಡಿದ ಏರುಪೇರನ್ನು ಹಿಂದಿನದು ಅಷ್ಟೇ ಉಲ್ಟಾ ಮಾಡಿ ಸರಿದೂಗಿಸಬೇಕು. ನನ್ನ ಗಾಡಿಯಲ್ಲಿ ಅದು ದೂಗುತ್ತಿಲ್ಲ.

ಹಾಗಾದರೆ ಎರಡು ಜಾಯಿಂಟಿನ ಆಂಗಲ್ ಸಮ ಇಲ್ಲ, ಅಲ್ವಾ? ಯಾರಾದರೂ ಅದನ್ನೇ ಹೇಳುತ್ತಾರೆ. ನಾನೂ ಅದನ್ನೇ ಹಿಡಿದೆ. ಗಾಡಿಯ ಭಾರ ಚಕ್ರದ ಮೇಲೇ ಇರುವಂತೆ ರ‍್ಯಾಂಪ್ ಹತ್ತಿಸಿ, ಡಿಜಿಟಲ್ ಗೇಜ್ ಹಿಡಿದು ಅಳೆದೆ. ಟ್ರಾನ್ಸ್‌ಮಿಷನ್ (ಗೇರ್‌ಬಾಕ್ಸ್) ಬಾಲ 3.5 ಡಿಗ್ರಿ ಕೆಳಗೆ, ಶಾಫ್ಟು ಹಿಂದೆ ಕೂಡುವ ಆ್ಯಕ್ಸಲ್‌ನ ಪಿನಿಯನ್ ಅದಕ್ಕೆ ಸಮಾನಾಂತರ ಇಲ್ಲ. ಇಲ್ಲಿ ಕ್ರಾಸ್‌ಮೆಂಬರ್ (ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ) ಕಳಿಸಿದ ಪುಣ್ಯಾತ್ಮರಿಗೊಂದು ನಮಸ್ಕಾರ ಹೇಳಲೇಬೇಕು. ಡಬ್ಬಿಯ ಮೇಲೆ ‘ಡೈರೆಕ್ಟ್ ಫಿಟ್’ ಅಂತ ದಪ್ಪಕ್ಷರ. ಒಳಗಿನ ಬೋಲ್ಟ್ ತೂತು ಯಾವುದೂ ಯಾವುದಕ್ಕೂ ಕೂಡಲ್ಲ. ಅರ ಹಿಡಿದು ತೂತು ಉದ್ದ ಮಾಡಿ, ಮೌಂಟ್ ಕೆಳಗೆ ತೆಳು ಬಿಲ್ಲೆ (ಶಿಮ್) ಕೊಟ್ಟು ಬಾಲ ಎತ್ತಿದೆ. ಹಿಂದೆ ಆ್ಯಕ್ಸಲ್ ಹಿಡಿಯುವ, ಅಡ್ಜಸ್ಟ್ ಆಗುವ ಅಪ್ಪರ್ ಆರ್ಮ್ ಹಾಕಿ ಪಿನಿಯನ್ ತಿರುಗಿಸಿದೆ. ಸದ್ದು ಸ್ವಲ್ಪ ಕಡಿಮೆಯಾಯಿತು. ಅಷ್ಟೇ.

ನನಗೆ ತಲೆ ಕೆಟ್ಟದ್ದು ಇಲ್ಲಿ. ಎರಡೂ ಕಡೆಯ ಆಂಗಲ್ ಸಮ ಆದಾಗ ಆ 99ರ ಗೆರೆ ನೆಲ ಕಚ್ಚಬೇಕು. ಆ ಸಮದಿಂದ ಆಚೆ ಈಚೆ ಹೋದರೆ ಮತ್ತೆ ಏಳಬೇಕು. ನಾನು ಪಿನಿಯನ್ನನ್ನು ಅರ್ಧರ್ಧ ಡಿಗ್ರಿ ತಿರುಗಿಸುತ್ತಾ, ಪ್ರತಿ ಸಲ ಹೆದ್ದಾರಿಗೆ ಹೋಗಿ ಬರುತ್ತಾ, ಚೀಟಿಯಲ್ಲಿ ಬರೆದುಕೊಂಡೆ. ತಗ್ಗೇ ಇಲ್ಲ! ಸಮ ಇದ್ದರೂ ಗುಂಯ್, ಒಂದು ಡಿಗ್ರಿ ತಪ್ಪಿಸಿದರೂ ಹೆಚ್ಚುಕಮ್ಮಿ ಅಷ್ಟೇ ಗುಂಯ್. ಎರಡೂ ಆಂಗಲ್ ಒಟ್ಟಿಗೆ ಕಡಿಮೆ ಮಾಡಿದರೆ ಮಾತ್ರ ಕೊಂಚ ಇಳಿಯುತ್ತದೆ. ಇದು ಯಾವ ಪುಸ್ತಕದ ಗಾಡಿ ಮಾರಾಯ್ರೇ?

ಶಾಫ್ಟ್ ಮಾಡಿಕೊಟ್ಟವರಿಗೆ ಫೋನ್ ಮಾಡಿದೆ. ‘ಬ್ಯಾಲೆನ್ಸ್ ಆಗಿದೆ, ಸ್ಟಿಕ್ಕರ್ ನೋಡಿ’ ಅಂದರು. ನೋಡಿದೆ. ಸ್ಟಿಕ್ಕರ್ ಚೆನ್ನಾಗಿತ್ತು.

ಹಾಸನದಲ್ಲಿ ಸೋದರಮಾವ ಇದ್ದಾರೆ. ಬಹಳ ವರ್ಷ ಲಾರಿ ಇಟ್ಟಿದ್ದವರು, ಟಾಟಾ 1210ನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವ ಜನ. ಭಾನುವಾರದ ಫೋನಿನಲ್ಲಿ ಮಳೆ, ಶುಂಠಿ ರೇಟು ಎಲ್ಲ ಆದ ಮೇಲೆ ಸುಮ್ನೆ ಈ ಗೋಳು ಹೇಳಿಕೊಂಡೆ.

‘ಬ್ಯಾಲೆನ್ಸ್ ಇರ್ಲಿ ಬಿಡೋ’ ಅಂದರು. ‘ಬಾಣದ ಗುರ್ತು ಕೂಡ್ಸಿ ಹಾಕಿದ್ಯಾ?’

‘ಇದರಲ್ಲಿ ಬಾಣ ಇಲ್ಲ ಮಾವ. ಲಾರಿ ತರ ಸ್ಪ್ಲೈನ್ ಬಿಚ್ಚಿ ಹಾಕೋದಲ್ಲ. ಒಂದೇ ಕೊಳವೆ, ಎರಡೂ ತುದಿ ವೆಲ್ಡ್ ಮಾಡಿದ್ದಾರೆ.’

‘ವೆಲ್ಡ್ ಮಾಡ್ದೋನು ದೇವ್ರೇನೋ?’

ಫೋನ್ ಇಟ್ಟು ನೇರ ಗ್ಯಾರೇಜಿಗೆ ಹೋದೆ.

ಲಾರಿಯ ಶಾಫ್ಟು ನೋಡಿದವರಿಗೆ ಗೊತ್ತು, ನಡುವೆ ಹಲ್ಲು ಹಲ್ಲಾಗಿ ಕೂಡಿ ಜಾರುವ ಸ್ಪ್ಲೈನ್ ಇರುತ್ತದೆ. ಬಿಚ್ಚಿ ಮತ್ತೆ ಹಾಕುವಾಗ ಒಂದು ಹಲ್ಲು ಆಚೆ ಹೋದರೂ ಯು-ಜಾಯಿಂಟ್ ಹಿಡಿಯುವ ಎರಡು ತುದಿಯ ಕವೆಗಳು, ಅಂದರೆ ಯೋಕ್‌ಗಳು ಒಂದೇ ನೇರಕ್ಕೆ ಇರುವುದಿಲ್ಲ, ಅದಕ್ಕೇ ಬಾಣ ಕೊರೆದಿರುತ್ತಾರೆ. ನಮ್ಮ ಗಾಡಿಗಳ ಶಾಫ್ಟು ಒಂದೇ ಕೊಳವೆ ಆದ್ದರಿಂದ ಯಾರೂ ಆ ಕಡೆ ಯೋಚನೆಯೇ ಮಾಡುವುದಿಲ್ಲ.

ಶಾಫ್ಟ್ ಇಳಿಸಿ ವಿ-ಬ್ಲಾಕ್ ಮೇಲೆ ಮಲಗಿಸಿದೆ. ಎರಡೂ ತುದಿಯ ಯು-ಜಾಯಿಂಟ್ ಬಿಚ್ಚಿ, ಯೋಕಿನ ಎರಡು ಕಿವಿಗಳ ತೂತಿನ ಮೂಲಕ ಬಿಗಿಯಾಗಿ ಕೂರುವ ಒಂದೊಂದು ನೇರ ಸರಳು ತೂರಿಸಿದೆ. ಮುಂದಿನ ಸರಳಿನ ಮೇಲೆ ಗೇಜ್ ಇಟ್ಟು ಸೊನ್ನೆ ಮಾಡಿದೆ. ಹಿಂದಿನ ಸರಳಿನ ಮೇಲಿಟ್ಟರೆ 11.2. ಗೇಜ್ ತಿರುಗಿಸಿ ಇಟ್ಟೆ, 11.2. ಬ್ಯಾಟರಿ ಬದಲಿಸಿ ಇಟ್ಟೆ, ಅದೇ. ಎರಡು ಹೆಜ್ಜೆ ಹಿಂದೆ ಸರಿದು ಬರಿಗಣ್ಣಿಂದ ನೋಡಿದರೆ ಸರಳುಗಳು ಗಡಿಯಾರದ ಮುಳ್ಳಿನಂತೆ ಬೇರೆ ಬೇರೆ ದಿಕ್ಕಿಗೆ ನಿಂತಿವೆ. ಗಾಡಿಯ ಕೆಳಗೆ ಒಂದು ತುದಿ ಟನಲ್ ಒಳಗೆ ಅಡಗಿರುತ್ತದೆ, ಎರಡನ್ನೂ ಒಟ್ಟಿಗೆ ನೋಡಲು ಆಗುವುದೇ ಇಲ್ಲ.

ಬ್ಯಾಲೆನ್ಸ್ ಮಷೀನ್ ಯಾಕೆ ಹಿಡಿಯಲಿಲ್ಲ? ಹಿಡಿಯುವುದಿಲ್ಲ. ಅದು ಶಾಫ್ಟನ್ನು ನೇರಕ್ಕೆ ಸುತ್ತಿಸಿ ತೂಕ ಎಲ್ಲಿ ಜಾಸ್ತಿ ಅಂತ ಮಾತ್ರ ನೋಡುತ್ತದೆ. ಯೋಕು ಎಷ್ಟೇ ತಿರುಚಿ ಕೂತಿರಲಿ, ತೂಕ ಸಮ ಇದ್ದರೆ ಪಾಸ್. ಗಾಡಿಯಲ್ಲಿ ಓರೆಗೆ ಕೂತಾಗಲೇ ಬಣ್ಣ ಬಯಲು. ಹಿಂದಿನ ಜಾಯಿಂಟು ಸರಿದೂಗಿಸುತ್ತದೆ, ಆದರೆ 11 ಡಿಗ್ರಿ ತಡವಾಗಿ. ಅದಕ್ಕೇ ನನ್ನ ಚೀಟಿಯಲ್ಲಿ ತಗ್ಗು ಸಿಗಲಿಲ್ಲ. ಉಳಿದ ಚೂರು ಹೊಡೆತಕ್ಕೆ ಟ್ರಾನ್ಸ್‌ಮಿಷನ್ ಬಾಲ 65ರ ಹತ್ತಿರ ತಾಳ ಹಾಕುತ್ತಿತ್ತು.

ಶಾಫ್ಟ್ ಮಾಡಿಕೊಟ್ಟವರಿಗೆ ಫೋಟೋ ಕಳಿಸಿದೆ. ಹಣ ವಾಪಸ್ ಇಲ್ಲವಂತೆ, ಸ್ಟೋರ್ ಕ್ರೆಡಿಟ್ ಅಂತೆ. ಇವರ ಹತ್ತಿರ ಮತ್ತೆ ಏನು ತಗೊಳ್ಳಲಿ, ಸ್ಟಿಕ್ಕರ್? ಟ್ರಕ್ ಶಾಫ್ಟ್ ಮಾಡುವ ಬೇರೆ ಅಂಗಡಿಗೆ ಹೊತ್ತುಕೊಂಡು ಹೋದೆ. ಆತ ಒಂದು ತುದಿಯ ವೆಲ್ಡ್ ಕತ್ತರಿಸಿ, ಕೊಳವೆ ತುಸು ಮೋಟಾದರೂ ಗೇರ್‌ಬಾಕ್ಸಿನೊಳಗೆ ಜಾರುವ ಸ್ಲಿಪ್ ಯೋಕಿನಲ್ಲಿ ಜಾಗ ಇದೆ ಅಂತ ಅಳೆದು, ನನ್ನ ಎದುರೇ ಎರಡೂ ತುದಿಗೆ ಲೆವೆಲ್ ಇಟ್ಟು ವೆಲ್ಡ್ ಮಾಡಿದ.

ಶಾಫ್ಟ್ ಅಲ್ಲಿದ್ದಾಗ ಕೈ ಸುಮ್ಮನಿರಬೇಕಲ್ಲ. ಮೂಲೆಯಲ್ಲಿ ಟಾರ್ಪಾಲ್ ಹೊದ್ದು ಕೂತಿರುವ ಮುಂದಿನ ಯೋಜನೆಯನ್ನು ಸ್ವಲ್ಪ ಬಿಚ್ಚಿದೆ. ಪಾಂಟಿಯಾಕ್‌ನವರು 1966ರಲ್ಲಿ ಟೆಂಪೆಸ್ಟ್‌ಗೆ ತಂದ ಓವರ್‌ಹೆಡ್ ಕ್ಯಾಮ್ ಸಿಕ್ಸ್, ಆರು ಸಿಲಿಂಡರಿನ ಇಂಜಿನ್, 230 ಕ್ಯೂಬಿಕ್ ಇಂಚು. ಸ್ಪ್ರಿಂಟ್ ಪ್ಯಾಕೇಜಿನಲ್ಲಿ ಕ್ವಾಡ್ರಾಜೆಟ್ ಕಾರ್ಬ್ಯುರೇಟರು, 207 ಅಶ್ವಶಕ್ತಿ. ವಾಲ್ವು ತೆರೆದು ಮುಚ್ಚುವ ಕ್ಯಾಮ್ ಓಡಿಸಲು ಚೈನ್ ಅಲ್ಲ, ಫೈಬರ್‌ಗ್ಲಾಸ್ ಸೇರಿಸಿದ ರಬ್ಬರ್ ಬೆಲ್ಟು. ಅಮೆರಿಕದ ದೊಡ್ಡ ಕಂಪನಿಗಳು ವಿ8 ಬಿಟ್ಟರೆ ಬೇರೆ ಲೋಕವೇ ಇಲ್ಲ ಅನ್ನುತ್ತಿದ್ದ ಕಾಲದಲ್ಲಿ! ನನಗೆ ಜಿಟಿಒಗಿಂತ ಇದೇ ಹೆಚ್ಚು ಇಷ್ಟ, ಬೈಯುವವರು ಬೈಯಲಿ. ಒಂದೇ ತಲೆನೋವು, ಕ್ಯಾಮ್ ನೇರವಾಗಿ ಅಲ್ಯೂಮಿನಿಯಂ ಹೌಸಿಂಗಿನಲ್ಲೇ ತಿರುಗುತ್ತದೆ, ಬದಲಾಯಿಸಲು ಬೇರಿಂಗ್ ಇಲ್ಲ. ಹಿಂದಿನ ಮಾಲೀಕ ಆಯಿಲ್ ಬದಲಿಸದಿದ್ದರೆ ಹೌಸಿಂಗೇ ಹೋಯಿತು. ನನ್ನದರ ಮಾಲೀಕ ಬದಲಿಸಿರಲಿಲ್ಲ.

ಜಿಟಿಒಗೆ ಬರೋಣ. ಶಾಫ್ಟ್ ಏರಿಸಿ ಅದೇ ಐ-75, ಅದೇ ಆ್ಯಪ್. 99ರ ಗೆರೆ ಟೈರಿನ ಸದ್ದಿನಲ್ಲಿ ಮುಳುಗಿಹೋಯಿತು. ಕನ್ನಡಿಯಲ್ಲಿ ಲೈಟು ಎರಡೇ. ಬೇಕಂತಲೇ ಪಿನಿಯನ್ ಒಂದೂವರೆ ಡಿಗ್ರಿ ತಪ್ಪಿಸಿ ಓಡಿಸಿದರೆ ಗೆರೆ ಎದ್ದಿತು, ಸರಿ ಮಾಡಿದರೆ ಬಿದ್ದಿತು. ನನಗೆ ಬೇಕಿದ್ದ ತಗ್ಗು ಇದೇ. ಮಾವನಿಗೆ ಹೇಳಿದೆ. ‘ಹ್ಞೂಂ’ ಅಂದು ಶುಂಠಿ ರೇಟಿಗೆ ಹೋದರು.

ಗಾಡಿ ಇನ್ನೂ ಮಾರಾಟಕ್ಕಿದೆ. ಗುರುತಿನ ನಂಬರು (ವಿಐಎನ್) 242ರಿಂದ ಶುರುವಾಗುತ್ತದೆ, ಅಂದರೆ ಪಾಂಟಿಯಾಕ್‌ನದೇ ಸಾದಾ ಲೆಮಾನ್ಸ್‌ಗೆ ಜಿಟಿಒ ಬಿಲ್ಲೆ ಅಂಟಿಸಿದ್ದಲ್ಲ. ಪಿಎಚ್‌ಎಸ್ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್) ಕೊಡುವ ಫ್ಯಾಕ್ಟರಿ ದಾಖಲೆಯ ಕಾಗದವೂ ಇದೆ. ಆ ವರ್ಷ 77,704 ಹಾರ್ಡ್‌ಟಾಪ್ ಬಂದಿವೆ, ಹಾಗಾಗಿ ಅಪರೂಪದ ಗಾಡಿ ಅಂತ ಸುಳ್ಳು ಹೇಳಲ್ಲ. ಮನ್ಸಿ ಗೇರ್‌ಬಾಕ್ಸು, ಅದರ ಹಳೇ ಶಾಫ್ಟು ಎರಡೂ ಪೆಟ್ಟಿಗೆಯಲ್ಲಿ ಜೊತೆಗೆ ಬರುತ್ತವೆ. ಮುಚ್ಚುವ ಹೆಡ್‌ಲೈಟುಗಳಲ್ಲಿ ಎಡಗಣ್ಣು ಬಲಗಣ್ಣಿಗಿಂತ ತಡವಾಗಿ ತೆರೆಯುತ್ತದೆ, ವ್ಯಾಕ್ಯೂಮ್ ಪೈಪ್ ಇನ್ನೊಮ್ಮೆ ನೋಡಬೇಕು. ಬಾಗಿಲಿನ ಹೊಸ ರಬ್ಬರು ದಪ್ಪ, ಕೊಂಚ ಜೋರಾಗಿ ಎಳೆಯಬೇಕು. ಇಂಜಿನ್ ಹಿಂದೆ ಆಯಿಲ್ ತಡೆಯುವ ಮೇನ್ ಸೀಲ್ ಹಗ್ಗದ್ದೇ, ತೊಟ್ಟಿಕ್ಕುತ್ತದೆ. ಪಾಂಟಿಯಾಕ್ ಇಟ್ಟವರು ಅದರ ಬಗ್ಗೆ ಕೇಳುವುದಿಲ್ಲ.

ಅದೇ ಗಿರಾಕಿ ಮತ್ತೆ ಬರುತ್ತೇನೆ ಅಂದಿದ್ದಾನೆ. ಆಗಸ್ಟಿನ ಮೂರನೇ ಶನಿವಾರ ಹಳೇ ಕಾರುಗಳ ಮೆರವಣಿಗೆ, ವುಡ್‌ವರ್ಡ್ ಕ್ರೂಸ್, ಅದಕ್ಕೆ ಮೊದಲು ಕೊಟ್ಟರೆ ನಾನು ಹೋಗಿ ಏನು ಮಾಡಲಿ ಅನ್ನುವುದೊಂದೇ ಚಿಂತೆ. ಅಷ್ಟರಲ್ಲಿ ಯಾರ ಕಣ್ಣಿಗಾದರೂ 1966ರ ಸಿಕ್ಸ್‌ನ ಕ್ಯಾಮ್ ಹೌಸಿಂಗ್ ಬಿದ್ದರೆ ಒಂದು ಮಾತು ತಿಳಿಸಿ. ಗೀರು ಬಿದ್ದದ್ದು ಬೇಡ, ಅಂಥದ್ದು ನನ್ನ ಹತ್ರ ಆಗಲೇ ಇದೆ.