ಟೈಫಾಯಿಡ್ ಔಷಧಿ ಮತ್ತು ಊರಿನ ಲ್ಯಾಬಿನ ಲೆಕ್ಕ

ವೈದ್ಯರು ರೂಢಿಯಾಗಿ ಬರೆದುಕೊಡುವ ಔಷಧಿಯನ್ನು ಬದಲಿಸುವಲ್ಲಿ ದೂರದ ಮಾರ್ಗಸೂಚಿಗಳಿಗಿಂತ ತಮ್ಮದೇ ಊರಿನ ರೋಗಿಗಳ ರಕ್ತದಲ್ಲಿ ಬೆಳೆದ ಬ್ಯಾಕ್ಟೀರಿಯಾದ ಸಾಕ್ಷ್ಯ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾನು ನಂಬಿದ್ದೇನೆ. ಟೈಫಾಯಿಡ್‌ಗೆ ದಶಕಗಳ ಕಾಲ ಕ್ಲೋರಾಂಫೆನಿಕಾಲ್ ಮದ್ದಾಗಿತ್ತು. 1972ರಲ್ಲಿ ಕಲ್ಲಿಕೋಟೆಯಲ್ಲಿ ಹರಡಿದ ಟೈಫಾಯಿಡ್ ಅದಕ್ಕೆ ಬಗ್ಗಲಿಲ್ಲ. 1990ರ ಸುಮಾರಿಗೆ ಆ್ಯಂಪಿಸಿಲಿನ್, ಕೋಟ್ರೈಮಾಕ್ಸಜೋಲ್‌ಗಳೂ ಸೋತಾಗ ಎಲ್ಲರೂ ಸಿಪ್ರೊಫ್ಲಾಕ್ಸಸಿನ್‌ಗೆ ಹೊರಳಿದರು.

ಮುಂದೆ ನಡೆದದ್ದು ಕಲ್ಚರ್ ಪ್ಲೇಟಿನ (ರೋಗಿಯ ರಕ್ತದ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ) ಮೇಲೆ ಕಣ್ಣಿಗೇ ಕಾಣುವಂಥದ್ದು. ಸಿಪ್ರೊಫ್ಲಾಕ್ಸಸಿನ್ ಹೀರಿಸಿದ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ, 24 ಮಿಲಿಮೀಟರಿನಷ್ಟು ಅಗಲದ ತಿಳಿಯಾದ ವೃತ್ತವಿರುತ್ತಿತ್ತು, ಆದರೆ ಪಕ್ಕದಲ್ಲಿದ್ದ, ಅದೇ ಗುಂಪಿನ ಹಳೆಯ ಔಷಧಿಯಾದ ನಾಲಿಡಿಕ್ಸಿಕ್ ಆಸಿಡ್ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿರುತ್ತಿತ್ತು. ಹಳೆಯ ನಿಯಮದಲ್ಲಿ 21 ಮಿಲಿಮೀಟರ್ ಇದ್ದರೆ ಸಾಕಿದ್ದರಿಂದ ವರದಿಯಲ್ಲಿ ಔಷಧಿ ನಾಟುತ್ತದೆ ಎಂದೇ ಇರುತ್ತಿತ್ತು, ಆದರೆ ವಾರ ಕಳೆದರೂ ಜ್ವರ ಇಳಿಯುತ್ತಿರಲಿಲ್ಲ. ಆ ಮಿತಿ ಈಗ 31ಕ್ಕೆ ಏರಿದೆ.

ಆದರೂ ಅನುಭವಿ ವೈದ್ಯರು 'ನನ್ನ ರೋಗಿಗಳು ಗುಣವಾಗುತ್ತಲೇ ಇದ್ದಾರಲ್ಲ' ಎನ್ನುವುದುಂಟು. ಗುಣವಾಗದವರು ಬೇರೆ ವೈದ್ಯರ ಬಾಗಿಲಿಗೆ ಹೋಗಿರುತ್ತಾರಾದ್ದರಿಂದ ಅವರು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಇಂಥವರ ಮುಂದೆ ವಾದಕ್ಕಿಂತ ಆಸ್ಪತ್ರೆಯ ವಾರ್ಷಿಕ ಆ್ಯಂಟಿಬಯೋಗ್ರಾಂ (ಯಾವ ಔಷಧಿ ಶೇಕಡಾ ಎಷ್ಟು ಮಾದರಿಗಳ ಬ್ಯಾಕ್ಟೀರಿಯಾಕ್ಕೆ ನಾಟಿತು ಎಂಬ ಪಟ್ಟಿ) ಇಡುವುದೇ ಮೇಲು. ಅದೂ ಒಬ್ಬ ರೋಗಿಯ ಮೊದಲ ಮಾದರಿಯನ್ನಷ್ಟೇ ಎಣಿಸಿ, ಕನಿಷ್ಠ 30 ಮಾದರಿಗಳಾದರೂ ಇದ್ದಾಗ ಮಾತ್ರ ಶೇಕಡಾವಾರು ಬರೆದದ್ದಾಗಿರಬೇಕು. ತಮ್ಮದೇ ವಾರ್ಡಿನ ಅಂಕಿಗಳನ್ನು ಕಂಡವರು ಸೆಫ್ಟ್ರಿಯಾಕ್ಸೋನ್ ಅಥವಾ ಅಜಿತ್ರೋಮೈಸಿನ್ ಕಡೆಗೆ ತಿರುಗುವುದು ಸುಲಭ.

ಇನ್ನೊಂದು ಬದಿಯೂ ಇದೆ. ದೇಶದ ಹಲವೆಡೆ ಟೈಫಾಯಿಡ್ ಬ್ಯಾಕ್ಟೀರಿಯಾ ಮತ್ತೆ ಕ್ಲೋರಾಂಫೆನಿಕಾಲ್‌ಗೆ ಮಣಿಯುತ್ತಿದೆ. ಆದರೆ ಅಪರೂಪಕ್ಕೆ ಅಸ್ಥಿಮಜ್ಜೆಗೆ ಅದು ಮಾಡುವ ಹಾನಿಯ ಭಯದಿಂದ ಅದನ್ನು ಬರೆಯುವವರು ಕಡಿಮೆ, ಮತ್ತು ಈ ಹಿಂಜರಿಕೆಯನ್ನು ನಾನು ತಪ್ಪೆನ್ನಲಾರೆ.

ಆ್ಯಂಟಿಬಯೋಗ್ರಾಂಗೂ ಓರೆ ಇದೆ. ದೊಡ್ಡ ಆಸ್ಪತ್ರೆಗೆ ಬರುವ ಹೊತ್ತಿಗೆ ಬಹಳಷ್ಟು ರೋಗಿಗಳು ಒಂದೆರಡು ಆ್ಯಂಟಿಬಯಾಟಿಕ್ ನುಂಗಿರುತ್ತಾರೆ. ಆದ್ದರಿಂದ ಸುಲಭವಾಗಿ ಸಾಯುವ ಬ್ಯಾಕ್ಟೀರಿಯಾ ಕಲ್ಚರಿನಲ್ಲಿ ಬೆಳೆಯುವುದೇ ಇಲ್ಲ, ಪ್ರತಿರೋಧದ ಅಂಕಿ ಹಿಗ್ಗುತ್ತದೆ. ಇತ್ತ ಹಳ್ಳಿಯ ಕ್ಲಿನಿಕ್ಕುಗಳಲ್ಲಿ ಕಲ್ಚರೇ ಇಲ್ಲದೆ, ರಕ್ತದ ಪ್ರತಿಕಾಯಗಳನ್ನು ನೋಡುವ, ನೆಚ್ಚಲಾಗದ ವಿಡಾಲ್ ಪರೀಕ್ಷೆಯೊಂದರ ಮೇಲೆಯೇ ಟೈಫಾಯಿಡ್ ಎಂದು ತೀರ್ಮಾನವಾಗುತ್ತದೆ. ಮೊದಲ ಡೋಸಿಗೆ ಮುನ್ನವೇ ರಕ್ತ ತೆಗೆದು ತಾಲ್ಲೂಕಿನಿಂದ ಜಿಲ್ಲಾ ಲ್ಯಾಬಿಗೆ ಕಳಿಸುವ ಏರ್ಪಾಡು ಆದರೆ ಈ ಎರಡೂ ಕೊರತೆಗಳು ಒಟ್ಟಿಗೇ ತಗ್ಗುತ್ತವೆ.